ವಿಲ್ಫ್ರೆಡ್ ಓವೆನ್: ಒಬ್ಬ ತರುಣ ಯೋಧನ ಅಂತರ್ಯುದ್ಧ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಅದು ಶಾಲೆಯ ವರದಿಯೋ ಸದುಪದೇಶವೋ ಆಗಿರುವುದು ವಾಡಿಕೆ. ವರದಿಯು ಈ ಸಂಚಿಕೆಯಲ್ಲಿ ಬೇರೆ ಕಡೆ ಅಚ್ಚಾಗಿದೆ. ಉಪದೇಶವನ್ನಾದರೋ ನೀವು ಇಲ್ಲಿ ಓದುತ್ತಿದ್ದಾಗಲೇ ಬೇಕಾದಷ್ಟು ಕೇಳಿರುವಿರಿ. ಆದಕಾರಣ ಈ ಸಲ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನನಗೆ ಹಾಕಿದ ಪ್ರಶ್ನೆಯನ್ನೂ ಅದಕ್ಕೆ ನಾನು ಕೊಟ್ಟ ಅರೆಬರೆ ಉತ್ತರವನ್ನೂ ನಿಮ್ಮ ಮುಂದೆ ಇಡಬೇಕೆಂದು ಮನಸ್ಸಾಗಿದೆ.

ಒಂದು ದಿನ ಇಂಗ್ಲಿಷ್ ಪಾಠ ಮುಗಿದು ಮಕ್ಕಳೆಲ್ಲರೂ ಊಟಕ್ಕೆ ಹೊರಟ ಮೇಲೆ ಅವಳೊಬ್ಬಳು ಹಿಂದೆ ನಿಂತಳು. ಅವಳ ಅಣ್ಣನು ಅದೇ ವರ್ಷ ಸೈನ್ಯಕ್ಕೆ ಸೇರಿದ್ದನು. “ಅಮ್ಮಾ, ಅಣ್ಣನು ಯಾರನ್ನಾದರೂ ಕೊಲ್ಲಬೇಕಾಗಿ ಬಂದರೆ ಅದು ಪಾಪವೋ? ಕೊಂದ ಮೇಲೆಯೂ ಅವನು ನಮ್ಮ ಮೊದಲಿನ ಅಣ್ಣನಾಗಿಯೇ ಇರುವನೋ?” ಎಂದು ಕೇಳಿದಳು. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲ ಪಂಡಿತರು ಎಲ್ಲ ಮತಗಳಲ್ಲಿಯೂ ಉಂಟು. ಎರಡನೆಯದಕ್ಕೆ ನನಗೆ ತಕ್ಷಣ ಏನೂ ತೋರಲಿಲ್ಲ. ಆ ವಾರ ನಾವು ಓದುತ್ತಿದ್ದುದು ವಿಲ್ಫ್ರೆಡ್ ಓವೆನ್ ಎಂಬ ಆಂಗ್ಲ ಕವಿಯ ಒಂದು ಪದ್ಯ. ನಾನು ಅವಳನ್ನು ಬೆಂಚಿನ ಮೇಲೆ ಕುಳ್ಳಿರಿಸಿಕೊಂಡು ಆತನ ಕಥೆಯನ್ನೇ ಹೇಳಿದೆನು.

ಓವೆನನು 1893ನೆಯ ಇಸವಿ ಮಾರ್ಚ್ 18ರಂದು ಇಂಗ್ಲೆಂಡಿನ ಆಸ್ವೆಸ್ಟ್ರಿ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ರೈಲ್ವೆ ನೌಕರ. ತಾಯಿ ಸೂಸನ್ ಬಹು ದೈವಭಕ್ತೆ. ಮಗನು ಸಭಾಪಾಲಕನಾಗಬೇಕೆಂಬುದು ಆಕೆಯ ಆಶೆ. 1911ರಲ್ಲಿ ಆತನು ಡನ್ಸ್‌ಡನ್ ಎಂಬ ಹಳ್ಳಿಯ ಸಭಾಪಾಲಕನಿಗೆ ಸಹಾಯಕನಾಗಿ ನಿಂತು, ಬಡವರ ಮನೆಗಳಿಗೆ ಹೋಗಿ ರೋಗಿಗಳನ್ನು ವಿಚಾರಿಸುವುದು, ಮಕ್ಕಳಿಗೆ ಸತ್ಯವೇದದ ಪಾಠ ಹೇಳುವುದು ಮೊದಲಾದ ಸೇವೆಯನ್ನು ಮಾಡಿದನು. ಅಲ್ಲಿನ ಧರ್ಮಬೋಧೆಗೂ ಅಲ್ಲಿನ ಬಡವರ ಬಾಳಿಗೂ ಇದ್ದ ದೂರವನ್ನು ಕಂಡು ಆತನ ಸಾಂಪ್ರದಾಯಿಕ ವಿಶ್ವಾಸವು ಅಲುಗಾಡಿತು. 1913ರಲ್ಲಿ ಆ ಕೆಲಸವನ್ನು ಬಿಟ್ಟು ಫ್ರಾನ್ಸ್ ದೇಶದ ಬೋರ್ಡೋ ನಗರಕ್ಕೆ ಹೋಗಿ ಇಂಗ್ಲಿಷ್ ಕಲಿಸುತ್ತ ಜೀವಿಸಿದನು. ಪಾದ್ರಿಯಾಗದೆ ಉಪಾಧ್ಯಾಯನಾದನೆಂದು ತಾಯಿಗೆ ಬೇಸರವಾಗಿರಬಹುದು. ನಮ್ಮಂಥವರಿಗೆ ಅದರಲ್ಲಿ ಬೇಸರವೇನೂ ಇಲ್ಲ.

1914ರಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಓವೆನನು ಕೂಡಲೇ ಓಡಿಹೋಗಿ ಸೇರಿದವನಲ್ಲ. 1915ರ ಅಕ್ಟೋಬರಿನಲ್ಲಿ ಸೈನ್ಯಕ್ಕೆ ಸೇರಿ, ಮರುವರ್ಷ ಮ್ಯಾಂಚೆಸ್ಟರ್ ರೆಜಿಮೆಂಟಿನಲ್ಲಿ ಅಧಿಕಾರಿಯಾಗಿ, 1916ರ ಕೊನೆಯ ದಿನಗಳಲ್ಲಿ ಫ್ರಾನ್ಸಿನ ರಣರಂಗವನ್ನು ಮುಟ್ಟಿದನು. ಆ ರಣರಂಗವು ಹೇಗಿತ್ತೆಂಬುದನ್ನು ಹೇಳದಿದ್ದರೆ ಮುಂದಿನದು ತಿಳಿಯದು. ಎರಡೂ ಪಕ್ಷದವರು ನೆಲವನ್ನು ತೋಡಿ, ಮೈಲುಗಟ್ಟಲೆ ಕಂದಕಗಳಲ್ಲಿ ಇಲಿಗಳಂತೆ ಅಡಗಿದ್ದರು. ನಡುವೆ ಯಾರಿಗೂ ಸೇರದ ಒಂದು ಪಟ್ಟಿ ಭೂಮಿ. ಅದರ ತುಂಬ ಮುಳ್ಳುತಂತಿ, ಕೆಸರು, ಹೂಳದೆ ಬಿಟ್ಟ ಹೆಣಗಳು. ಶತ್ರುವು ಕೆಲವೆಡೆ ನೂರು ಗಜಕ್ಕಿಂತಲೂ ಹತ್ತಿರದಲ್ಲಿದ್ದನು. ಆತನ ಕೆಮ್ಮು ಸಹ ಕೇಳಿಸುತ್ತಿತ್ತು, ಮುಖ ಮಾತ್ರ ಕಾಣುತ್ತಿರಲಿಲ್ಲ. ಮುಖ ಕಾಣದವನನ್ನು ದ್ವೇಷಿಸುವುದು ಬಹು ಸುಲಭ.

1917ರ ಜನವರಿಯಲ್ಲಿ ಓವೆನನು ತನ್ನ ಇಪ್ಪತ್ತೈದು ಮಂದಿಯೊಡನೆ ಆ ನಡುಭೂಮಿಯ ಒಂದು ನೆಲಮಾಳಿಗೆಯಲ್ಲಿ, ಮೇಲೆ ಗುಂಡಿನ ಮಳೆ, ಕಾಲ ಕೆಳಗೆ ಏರುತ್ತಿರುವ ನೀರು, ಹೀಗೆ ಐವತ್ತು ಗಂಟೆ ಕಳೆದನು. ಕಾವಲಿಗೆ ನಿಲ್ಲಿಸಿದ್ದ ಸಿಪಾಯಿಯೊಬ್ಬನ ಕಣ್ಣು ಹೋಯಿತು. ಏಪ್ರಿಲಿನಲ್ಲಿ ಗುಂಡೊಂದು ಪಕ್ಕದಲ್ಲಿ ಸಿಡಿದು ಆತನನ್ನು ಎತ್ತಿ ಎಸೆಯಿತು. ಸತ್ತ ಜೊತೆಗಾರನೊಬ್ಬನ ದೇಹದ ಅವಶೇಷಗಳ ಸಮೀಪದಲ್ಲಿಯೇ ಆತನು ದಿನಗಳನ್ನು ಕಳೆಯಬೇಕಾಯಿತು. ಮೈಗೆ ಗಾಯವಿರಲಿಲ್ಲ. ಕೈ ನಡುಗುತ್ತಿತ್ತು, ಮಾತು ತಡೆಯುತ್ತಿತ್ತು, ನಿದ್ರೆಯಲ್ಲಿ ಭಯಂಕರ ಸ್ವಪ್ನಗಳು. ವೈದ್ಯರು ನರದೌರ್ಬಲ್ಯವೆಂದು ಹೇಳಿ ಆತನನ್ನು ಹಿಂದಕ್ಕೆ ಕಳುಹಿಸಿದರು.

ಆ ಮೇ ತಿಂಗಳಿನಲ್ಲಿ ಆಸ್ಪತ್ರೆಯಿಂದ ತಾಯಿಗೆ ಬರೆದ ಪತ್ರವೊಂದು ಉಳಿದಿದೆ. ಆತನು ಅದರಲ್ಲಿ ಹೇಳುವ ವಿಚಾರವಿದು: ಕ್ರಿಸ್ತನ ಮುಖ್ಯವಾದ ಆಜ್ಞೆಗಳಲ್ಲೊಂದು, ಅವಮಾನ ಬಂದರೂ ಸಹಿಸು, ಕೊಲ್ಲಲ್ಪಟ್ಟರೂ ಸರಿಯೇ, ನೀನು ಮಾತ್ರ ಕೊಲ್ಲಬೇಡ ಎಂಬುದು. ಈ ಆಜ್ಞೆಯು ಅಸಾಧ್ಯವಾಗಿ ಕಾಣಬಹುದು, ಆದರೂ ಅದು ಆಜ್ಞೆಯೇ; ಉಪದೇಶಪೀಠದಲ್ಲಿ ನಿಂತವರು ಅದನ್ನು ಜಾಣತನದಿಂದ ಮರೆಮಾಡುತ್ತಾರೆ. ಹೀಗೆಂದು ಬರೆದು, ಕ್ರಿಸ್ತನು ಇರುವುದಾದರೆ ಆ ನಡುಭೂಮಿಯಲ್ಲಿಯೇ ಇದ್ದಾನೆ ಎನ್ನುತ್ತಾನೆ. ತನ್ನನ್ನು ತಾನೇ ಮನಸ್ಸಾಕ್ಷಿಯ ನಿಮಿತ್ತ ಯುದ್ಧವನ್ನು ಒಲ್ಲದವನೆಂದೂ, ಆದರೆ ಆ ಮನಸ್ಸಾಕ್ಷಿಗೆ ಬರೆ ಬಿದ್ದಿದೆಯೆಂದೂ ಕರೆದುಕೊಳ್ಳುತ್ತಾನೆ. ಸೈನ್ಯದ ಸಮವಸ್ತ್ರವನ್ನು ತೊಟ್ಟ ಇಪ್ಪತ್ತನಾಲ್ಕು ವರ್ಷದ ಅಧಿಕಾರಿಯ ಮಾತಿದು ಎಂಬುದನ್ನು ನೆನಪಿನಲ್ಲಿಡಬೇಕು. ಯುದ್ಧವನ್ನು ನಿರಾಕರಿಸಿ ಸೆರೆಮನೆಗೆ ಹೋದವರು ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದರು. ಅವರದು ಒಂದು ಬಗೆಯ ಧೈರ್ಯ. ಓವೆನನು ಅವರ ಸಾಲಿಗೂ ಹೋಗಲಿಲ್ಲ, ಯುದ್ಧಗೀತೆ ಹಾಡುವವರ ಸಾಲಿಗೂ ಹೋಗಲಿಲ್ಲ. ಎರಡರ ನಡುವೆ, ಯಾರಿಗೂ ಸೇರದ ಆ ಭೂಮಿಯಲ್ಲಿಯೇ ನಿಂತನು.

ಜೂನ್ ತಿಂಗಳಿನಲ್ಲಿ ಆತನನ್ನು ಎಡಿನ್‌ಬರೋ ನಗರದ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿನ ಡಾಕ್ಟರ್ ಆರ್ಥರ್ ಬ್ರಾಕರ ಚಿಕಿತ್ಸಾಕ್ರಮವು ಉಪಾಧ್ಯಾಯಿನಿಯರು ತಿಳಿಯಬೇಕಾದದ್ದು. ಒಡೆದ ಮನಸ್ಸು ಮತ್ತೆ ಕೂಡಬೇಕಾದರೆ ರೋಗಿಯು ಸುಮ್ಮನೆ ಮಲಗಿರಬಾರದು, ಸುತ್ತಲಿನ ಸಮಾಜದೊಡನೆ ಸೇರಿ ಉಪಯುಕ್ತವಾದ ಕೆಲಸ ಮಾಡಬೇಕು ಎಂಬುದು ಅವರ ಮತ. ಆ ಪ್ರಕಾರ ಓವೆನನು ಆಸ್ಪತ್ರೆಯ ಪತ್ರಿಕೆಗೆ ಸಂಪಾದಕನಾದನು. ಟೈನ್‌ಕಾಸಲ್ ಎಂಬ ಶಾಲೆಯಲ್ಲಿ ಹುಡುಗರಿಗೆ ಸಾಹಿತ್ಯಪಾಠ ಹೇಳಿದನು. ಅಲ್ಲಿಯೇ ಆಗಸ್ಟಿನಲ್ಲಿ ಸೀಗ್‌ಫ್ರೀಡ್ ಸಸೂನ್ ಎಂಬ ಹಿರಿಯ ಕವಿಯ ಪರಿಚಯವಾಯಿತು. ಸಸೂನನು ಶೌರ್ಯಪದಕ ಪಡೆದ ಯೋಧ. ಯುದ್ಧವನ್ನು ಬೇಕೆಂದೇ ಬೆಳೆಸಲಾಗುತ್ತಿದೆಯೆಂದು ಬಹಿರಂಗವಾಗಿ ಪ್ರತಿಭಟಿಸಿದುದರಿಂದ ಅಲ್ಲಿಗೆ ಕಳುಹಿಸಲ್ಪಟ್ಟಿದ್ದನು. ಆತನ ಸಹವಾಸದಿಂದ ಓವೆನನ ಕವಿತೆಗೆ ಬಾಯಿ ಬಂತು. ಇಂದು ಲೋಕವು ಓದುವ ಆತನ ಪದ್ಯಗಳಲ್ಲಿ ಬಹುಭಾಗವು ಮುಂದಿನ ಸುಮಾರು ಒಂದು ವರ್ಷದಲ್ಲಿ ಹುಟ್ಟಿದವು. ಬದುಕಿದ್ದಾಗ ಅಚ್ಚಾದವು ಐದೇ.

ಅವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ವಿವರಿಸುವೆನು. ಒಂದು, ಅಬ್ರಹಾಮನು ತನ್ನ ಮಗನಾದ ಇಸಾಕನನ್ನು ಬಲಿಕೊಡಲು ಹೋದ ಕಥೆ. ಭಾನುವಾರದ ಶಾಲೆಯ ಮಕ್ಕಳಿಗೂ ಅದು ಬಾಯಿಪಾಠ: ಕತ್ತಿ ಎತ್ತಿದಾಗ ದೇವದೂತನು ತಡೆದು ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಟಗರನ್ನು ತೋರಿಸಿದನು, ಹುಡುಗನು ಉಳಿದನು. ಓವೆನನ ಪದ್ಯದಲ್ಲಿಯೂ ದೂತನು ಕೂಗುತ್ತಾನೆ, ಟಗರನ್ನು ತೋರಿಸುತ್ತಾನೆ. ಆ ಟಗರು ಮುದುಕನ ಅಹಂಕಾರವೇ. ಮುದುಕನು ಅದನ್ನು ಕೊಡಲೊಲ್ಲದೆ ಮಗನನ್ನೇ ಕಡಿಯುತ್ತಾನೆ, ಅವನೊಂದಿಗೆ ಯೂರೋಪಿನ ಅರ್ಧ ಸಂತಾನವನ್ನು. ಈ ಪದ್ಯವನ್ನು ತರಗತಿಯಲ್ಲಿ ಓದಿದ ದಿನ ಗದ್ದಲದ ಹುಡುಗಿಯರೂ ಸುಮ್ಮನಾದರು.

ಇನ್ನೊಂದು, ಸತ್ತ ಶತ್ರುವನ್ನು ಭೇಟಿಯಾಗುವ ಪದ್ಯ. ಸೈನಿಕನೊಬ್ಬನು ಯುದ್ಧದಿಂದ ತಪ್ಪಿಸಿಕೊಂಡು ಆಳವಾದ ಒಂದು ಸುರಂಗಕ್ಕೆ ಇಳಿದಂತೆ ಭ್ರಮಿಸುತ್ತಾನೆ. ಅಲ್ಲಿ ನರಳುತ್ತ ಮಲಗಿದವರಲ್ಲಿ ಒಬ್ಬನು ಥಟ್ಟನೆ ಎದ್ದು, ಗುರುತು ಹಿಡಿದವನಂತೆ, ಕನಿಕರದಿಂದ, ಆಶೀರ್ವದಿಸುವವನ ಹಾಗೆ ಕೈಯೆತ್ತುತ್ತಾನೆ. ಆತನ ನಗುವಿನಿಂದ ಇದು ಪಾತಾಳಲೋಕವೆಂದು ಸೈನಿಕನಿಗೆ ತಿಳಿಯುತ್ತದೆ. ಇಬ್ಬರೂ ಮಾತಾಡುತ್ತಾರೆ. ಬಾಳದೆ ಹೋದ ವರ್ಷಗಳು, ಹೇಳದೆ ಉಳಿದ ಸತ್ಯ, ಇವುಗಳಿಗಾಗಿ ಆ ಮೃತನು ಮರುಗುತ್ತಾನೆ. ನಿನಗಿದ್ದ ಆಶೆಗಳೇ ನನಗೂ ಇದ್ದವು ಎನ್ನುತ್ತಾನೆ. ಕಟ್ಟಕಡೆಯಲ್ಲಿ ತಾನು ಯಾರೆಂಬುದನ್ನು ತಿಳಿಸುತ್ತಾನೆ: ನಿನ್ನೆ ಇದೇ ಹುಬ್ಬುಗಂಟಿನೊಡನೆ ನೀನು ಇರಿದು ಕೊಂದವನು ತಾನೇ ಎಂದು. ಅನಂತರ ಶಾಪವಿಲ್ಲ, ದೂರಿಲ್ಲ. ಜೊತೆಯಲ್ಲಿ ಮಲಗೋಣವೆಂಬ ಕರೆ ಮಾತ್ರ.

ಈ ಪದ್ಯದ ಒಂದು ಕರಡಿನಲ್ಲಿ ಆ ಮೃತನು ತಾನು ಜರ್ಮನಿಯವನೆಂದು, ಬಲವಂತದಿಂದ ಸೈನ್ಯಕ್ಕೆ ಎಳೆಯಲ್ಪಟ್ಟವನೆಂದು ಹೇಳಿಕೊಳ್ಳುತ್ತಾನೆ. ಓವೆನನು ಅದನ್ನು ಹೊಡೆದುಹಾಕಿ ಬರಿದೇ ಶತ್ರುವೆಂದು ಬರೆದನು. ದೇಶದ ಹೆಸರು ಹೋಯಿತು, ಮುಖ ಉಳಿಯಿತು. ಪ್ರಾಸದ ವಿಷಯದಲ್ಲಿಯೂ ಒಂದು ಮಾತು. ಕನ್ನಡ ಕಾವ್ಯದಲ್ಲಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಕೂಡಬೇಕೆಂಬ ನಿಯಮವನ್ನು ನೀವು ಬಲ್ಲಿರಿ. ಇಂಗ್ಲಿಷಿನಲ್ಲಿ ಪ್ರಾಸ ಬರುವುದು ಸಾಲಿನ ಕೊನೆಯಲ್ಲಿ. ಅಲ್ಲಿ ಸ್ವರವು ಕೂಡಬೇಕು. ಓವೆನನು ವ್ಯಂಜನಗಳನ್ನು ಹಾಗೆಯೇ ಇಟ್ಟು ಸ್ವರವನ್ನು ಮಾತ್ರ ಬದಲಾಯಿಸುತ್ತಾನೆ. ನಮ್ಮಲ್ಲಿ ‘ಕಾಡು’ ಎಂಬುದಕ್ಕೆ ‘ಕೇಡು’ ಎಂಬುದನ್ನು ಜೋಡಿಸಿದಂತೆ. ಕಿವಿಯು ಕೂಡಿಕೆಯನ್ನು ಎದುರುನೋಡುತ್ತದೆ, ಅದು ಕೂಡಿತೆನ್ನುವಷ್ಟರಲ್ಲಿ ತಪ್ಪಿಹೋಗುತ್ತದೆ. ಆ ಇಬ್ಬರು ಸೈನಿಕರ ಸ್ಥಿತಿಯೂ ಹಾಗೆಯೇ.

ಕನ್ನಡ ಬಲ್ಲವರಿಗೆ ಈ ಕರುಣೆಯು ತೀರ ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ಸೋತ ದುರ್ಯೋಧನನು ಹೆಣಗಳ ನಡುವೆ ನಡೆದುಹೋಗುವಾಗ ಶತ್ರುವಿನ ಮಗನಾದ ಅಭಿಮನ್ಯುವಿನ ದೇಹವನ್ನು ಕಂಡು ನಿಂತು, ಆ ಬಾಲಕನ ಶೌರ್ಯವನ್ನು ಕೊಂಡಾಡಿ, ಅಂಥ ಮರಣ ತನಗೂ ಬರಲೆಂದು ಬಯಸುವನಷ್ಟೆ. ಆ ಭಾಗವನ್ನು ಪಾಠಮಾಡುವಾಗ ಹುಡುಗಿಯರು ದುರ್ಯೋಧನನ ಮೇಲಿದ್ದ ಕೋಪವನ್ನು ಮರೆಯುವುದನ್ನು ಪ್ರತಿವರ್ಷವೂ ಕಂಡಿದ್ದೇನೆ. ಆದರೆ ಅಲ್ಲಿ ಬದುಕಿರುವವನು ಸತ್ತವನನ್ನು ಹೊಗಳುತ್ತಾನೆ. ಅಭಿಮನ್ಯುವು ಉತ್ತರ ಕೊಡನು. ಓವೆನನಲ್ಲಿ ಸತ್ತವನೇ ಎದ್ದು ಕೂತು ಮಾತಾಡುತ್ತಾನೆ, ಕೊಂದವನು ಕೇಳಬೇಕಾಗುತ್ತದೆ.

ಇಷ್ಟನ್ನು ಹೇಳಿ, ಆತನು ಮತ್ತೆ ಯುದ್ಧಕ್ಕೆ ಹೋಗಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ಮಡಿದನೆಂದು ನಾನು ಕಥೆಯನ್ನು ಮುಗಿಸಿದೆನು. ಹುಡುಗಿಯು ಸ್ವಲ್ಪ ಯೋಚಿಸಿ, “ಹಾಗಾದರೆ ಆತನು ಯಾರನ್ನೂ ಕೊಲ್ಲಲಿಲ್ಲವೇ, ಅಮ್ಮಾ?” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. “ಆತನು ಬಹಳ ಕರುಣೆಯುಳ್ಳವನು” ಎಂದೆನು. ಅವಳು ಕೇಳಿದ್ದಕ್ಕೆ ಇದು ಉತ್ತರವಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು.

ನಾನು ಬಿಟ್ಟ ಭಾಗವಿದು. ಗುಣಹೊಂದಿದ ಮೇಲೆ ಓವೆನನು ಇಂಗ್ಲೆಂಡಿನಲ್ಲಿಯೇ ಉಳಿಯುವಂತೆ ಅಲ್ಲಿ ಒಂದು ಕೆಲಸ ಕೊಡಿಸಲು ಸ್ನೇಹಿತರು ಪ್ರಯತ್ನಪಟ್ಟರು. ಅದು ಕೈಗೂಡಲಿಲ್ಲ. ಸಸೂನನು ತಲೆಗೆ ಗಾಯವಾಗಿ ಹಿಂದಿರುಗಿದ್ದನು. ಸಿಪಾಯಿಗಳ ಸಂಕಟವನ್ನು ಕಂಡು ಹೇಳುವ ಕವಿಯೊಬ್ಬನು ಅಲ್ಲಿರಬೇಕೆಂದು ಓವೆನನ ಮನಸ್ಸು ಎಳೆಯಿತು. 1918ರ ಆಗಸ್ಟ್ ಕೊನೆಯಲ್ಲಿ ಮತ್ತೆ ಫ್ರಾನ್ಸಿಗೆ ಹೋದನು. ತಾನು ಬಂದದ್ದು ಈ ಹುಡುಗರಿಗೆ ಸಹಾಯ ಮಾಡುವುದಕ್ಕಾಗಿ: ಅಧಿಕಾರಿಯಾಗಿ ಅವರನ್ನು ನಡೆಸಿ, ವಕೀಲನಂತೆ ಅವರ ನೋವನ್ನು ನೋಡಿ ಅವರ ಪರವಾಗಿ ವಾದಿಸುವುದಕ್ಕಾಗಿ, ಎಂದು ತಾಯಿಗೆ ಬರೆದನು. (ಅದೇ ಸೆಪ್ಟೆಂಬರ್ 23ರಂದು ದೂರದ ಪ್ಯಾಲೆಸ್ಟೈನಿನಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆದಳವು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಹಿಡಿಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕಸ್ತಂಭವನ್ನು ಕಂಡಾಗಲೆಲ್ಲ, ಆ ಸವಾರರೂ ತಮ್ಮ ಈಟಿಗೆ ಬಿದ್ದವರ ಮುಖವನ್ನು ಕನಸಿನಲ್ಲಿ ಕಂಡಿರಬಹುದೇ ಎಂದು ಯೋಚನೆ ಬರುತ್ತದೆ.)

ಅಕ್ಟೋಬರ್ 1ರಂದು ಜೋಂಕೂರ್ ಎಂಬ ಹಳ್ಳಿಯ ಬಳಿ ಜರ್ಮನರ ರಕ್ಷಣಾಸಾಲಿನ ಮೇಲೆ ದಾಳಿ ನಡೆಯಿತು. ಆತನ ಸೇವೆಯಲ್ಲಿದ್ದ ಎಳೆಯ ಸಿಪಾಯಿಯು ಪಕ್ಕದಲ್ಲಿಯೇ ತಲೆಗೆ ಗುಂಡು ತಗಲಿ ಬಿದ್ದನು. ಅವನ ರಕ್ತದಿಂದ ಓವೆನನ ಭುಜವು ತೊಯ್ದುಹೋಯಿತು. ಕಂಪನಿಯ ನಾಯಕನು ಗಾಯಗೊಂಡಾಗ ಓವೆನನೇ ಮುಂದಾಳಾದನು. ಆ ದಿನದ ಸಾಹಸಕ್ಕಾಗಿ ಆತನಿಗೆ ಮಿಲಿಟರಿ ಕ್ರಾಸ್ ಎಂಬ ಪದಕವು ಲಭಿಸಿತು. ಪದಕದೊಡನೆ ಬರುವ ಪ್ರಶಂಸಾಲೇಖನಕ್ಕೆ ಎರಡು ಪಾಠಗಳಿವೆ. ಆತನ ಪತ್ರಗಳ ಸಂಗ್ರಹವು 1967ರಲ್ಲಿ ಪ್ರಕಟವಾದಾಗ ಅಚ್ಚಾದ ಪಾಠದಂತೆ, ಆತನು ಶತ್ರುವಿನ ಮೆಷಿನ್‌ಗನ್ನೊಂದನ್ನು ಹಿಡಿದು ಅನೇಕರನ್ನು ಸೆರೆಯಾಳುಗಳಾಗಿ ತಂದನು. ಸೈನ್ಯದ ಮೂಲಲೇಖನದಲ್ಲಿರುವುದು ಬೇರೆ: ಹಿಡಿದ ಆ ಯಂತ್ರವನ್ನು ತಾನೇ ನಡೆಸಿ ಶತ್ರುಗಳಲ್ಲಿ ಬಹಳ ಪ್ರಾಣನಷ್ಟವನ್ನು ಉಂಟುಮಾಡಿದನು.

ಕವಿಯ ಮೇಲಿನ ಮಮತೆಯಿಂದ ಯಾರೋ ಆ ವಾಕ್ಯವನ್ನು ಮೃದುಮಾಡಿದರು. ಕರುಣೆಯ ಕವಿಯು ಕೈಯಾರೆ ಕೊಂದನೆಂಬುದು ಅವರಿಗೆ ಸಹಿಸದಾಗಿರಬಹುದು. ಇದನ್ನು ಓದಿದಾಗ ಮೊದಲು ನನಗೆ ಕೋಪ ಬಂತು. ಆಮೇಲೆ ಊಟದ ಬಿಡುವಿನಲ್ಲಿ ಆ ಬೆಂಚಿನ ಮೇಲೆ ಕುಳಿತು ನಾನು ಮಾಡಿದ್ದೂ ಇದೇ ಎಂದು ನಾಚಿಕೆಯಾಯಿತು. ಹುಡುಗಿಯು ಕೇಳಿದ್ದು ಅಣ್ಣನು ಕೊಂದರೆ ಏನು ಎಂದು. ನಾನು ಕೊಲ್ಲದ ಒಬ್ಬ ಮನುಷ್ಯನನ್ನು ಕಲ್ಪಿಸಿ ಅವಳ ಮುಂದೆ ನಿಲ್ಲಿಸಿದೆನು. ಅಂಥವನಿಂದ ಅವಳಿಗೇನು ಪ್ರಯೋಜನ? ಶತ್ರುವಿನಲ್ಲಿ ತನ್ನನ್ನೇ ಕಂಡ ಪದ್ಯವನ್ನು ಓವೆನನು ಬರೆದಾಗಿತ್ತು. ಅದರ ತರುವಾಯ, ಕೆಲವೇ ತಿಂಗಳುಗಳಲ್ಲಿ ಆ ಯಂತ್ರದ ಮುಂದೆ ಕುಳಿತನು. ಪದ್ಯವು ಸುಳ್ಳಲ್ಲ, ಯಂತ್ರವೂ ಸುಳ್ಳಲ್ಲ. ಆ ಕಾಳಗದ ಸುದ್ದಿಯನ್ನು ಆತನು ತಾಯಿಗೆ ಮರೆಮಾಡಲಿಲ್ಲ. ಒಬ್ಬನನ್ನು ರಿವಾಲ್ವರಿನಿಂದ ಸುಟ್ಟೆನು, ಉಳಿದವರನ್ನು ನಗುಮುಖದಿಂದಲೇ ಸೆರೆಹಿಡಿದೆನು ಎಂದು ಬರೆದನು. ಆ ಯಂತ್ರವನ್ನು ತಾನೇ ನಡೆಸಿದ ಮಾತನ್ನು ಬರೆಯದೆ ಬಿಟ್ಟದ್ದು ತಾಯಿಯ ಮನಸ್ಸಿಗಾಗಿ ಇದ್ದೀತು. ತನ್ನ ಇಂದ್ರಿಯಗಳು ಸುಟ್ಟು ಕರಕಾಗಿವೆಯೆಂದು ಸಸೂನನಿಗೆ ಬರೆದ ಪತ್ರವನ್ನೂ ಇದರ ಜೊತೆಗೆ ಓದಬೇಕು. ಹೆಮ್ಮೆ, ಸಂಕಟ, ಪ್ರೀತಿ, ಮೂರೂ ಒಂದೇ ವಾರದ ಕಾಗದಗಳಲ್ಲಿವೆ. ಅವನ್ನು ಬೇರ್ಪಡಿಸಿ ಒಂದನ್ನೇ ಇಟ್ಟುಕೊಳ್ಳಲು ನಮಗೆ ಅಧಿಕಾರವಿಲ್ಲ.

ನವೆಂಬರ್ 4ರ ಬೆಳಗ್ಗೆ ಓರ್ಸ್ ಎಂಬ ಹಳ್ಳಿಯ ಬಳಿ, ಸಾಂಬ್ರ್ ಕಾಲುವೆಗೆ ತೇಲುಸೇತುವೆ ಹಾಕಿ ದಾಟುವ ಪ್ರಯತ್ನದಲ್ಲಿ ಓವೆನನು ಗುಂಡಿಗೆ ಬಲಿಯಾದನು. ಯುದ್ಧವು ನಿಲ್ಲಲು ಒಂದು ವಾರವಿತ್ತು. ನವೆಂಬರ್ 11ರಂದು ಶ್ರೂಸ್‌ಬರಿ ಪಟ್ಟಣದಲ್ಲಿ ಶಾಂತಿಯ ಗಂಟೆಗಳು ಬಾರಿಸುತ್ತಿರುವಾಗ ಆ ತಂತಿಯು ತಾಯಿಯ ಕೈ ಸೇರಿತು. ಸಸೂನನ ಮುನ್ನುಡಿಯೊಡನೆ 1920ರಲ್ಲಿ ಆತನ ಪದ್ಯಗಳು ಪುಸ್ತಕವಾದವು. 1962ರ ಮೇ 30ರಂದು, ಜರ್ಮನರ ಬಾಂಬಿನಿಂದ 1940ರಲ್ಲಿ ನಾಶವಾಗಿ ಹೊಸದಾಗಿ ಕಟ್ಟಲ್ಪಟ್ಟ ಕಾವೆಂಟ್ರಿಯ ಮಹಾದೇವಾಲಯದಲ್ಲಿ ಬೆಂಜಮಿನ್ ಬ್ರಿಟನ್ ಎಂಬ ಸಂಗೀತಗಾರನು ಅವುಗಳಲ್ಲಿ ಕೆಲವನ್ನು ಹಾಡಿಸಿದನು. ಸುರಂಗದ ಪದ್ಯದಲ್ಲಿ ಸತ್ತ ಶತ್ರುವಿನ ಮಾತನ್ನು ಹಾಡಿದವನು ಡೀಟ್ರಿಚ್ ಫಿಶರ್-ಡೀಸ್ಕೌ, ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸಿಪಾಯಿಯಾಗಿದ್ದು ಸೆರೆಸಿಕ್ಕಿದ್ದವನು. ಕರಡಿನಲ್ಲಿ ಹೊಡೆದುಹಾಕಿದ ಆ ಜರ್ಮನನು ಹೀಗೆ ಹಿಂದಿರುಗಿ ಬಂದನು.

ಮರುದಿನ ನಾನು ಹುಡುಗಿಯನ್ನು ಕರೆಯಿಸಿ ಬಿಟ್ಟದ್ದನ್ನೆಲ್ಲ ಹೇಳಿದೆನು. ಇನ್ನೊಂದು ಸಂಗತಿಯನ್ನೂ ಹೇಳಿದೆನು. 1920ರಲ್ಲಿ ಸೂಸನ್ ಓವೆನ್ ನಮ್ಮ ರವೀಂದ್ರನಾಥ ಠಾಕೂರರಿಗೆ ಒಂದು ಪತ್ರ ಬರೆದಳು. ಮಗನು ಕಡೆಯ ಸಲ ಯುದ್ಧಕ್ಕೆ ಹೊರಟ ದಿನ ತಾಯಿಮಕ್ಕಳು ಸಮುದ್ರದ ಕಡೆ ನೋಡುತ್ತ ನಿಂತಿದ್ದಾಗ ಆತನು ಗೀತಾಂಜಲಿಯ ಬೀಳ್ಕೊಡುಗೆಯ ಮಾತುಗಳನ್ನು ಹೇಳಿದನಂತೆ. ಮುಂದೆ ಆತನ ಕಿರುಪುಸ್ತಕವು ಆಕೆಯ ಕೈಗೆ ಹಿಂದಿರುಗಿದಾಗ ಅದರಲ್ಲಿ ಆ ಮಾತುಗಳೇ ಆತನ ಅಕ್ಷರದಲ್ಲಿದ್ದವು, ಕೆಳಗೆ ಠಾಕೂರರ ಹೆಸರು. ಆ ಪದ್ಯವು ಯಾವ ಪುಸ್ತಕದಲ್ಲಿದೆಯೆಂದು ತಿಳಿಸಬೇಕೆಂಬುದೇ ಆಕೆಯ ಬೇಡಿಕೆ.

ಹುಡುಗಿಯು ಕೊನೆಯವರೆಗೂ ತಲೆ ತಗ್ಗಿಸಿಕೊಂಡು ಕೇಳಿದಳು. ಪಾಪಪುಣ್ಯದ ಮಾತನ್ನು ಮತ್ತೆ ಎತ್ತಲಿಲ್ಲ. “ಆತನು ಕೊಂದನೆಂದು ಆ ತಾಯಿಗೆ ತಿಳಿದಿತ್ತೇ, ಅಮ್ಮಾ?” ಎಂದು ಮಾತ್ರ ಕೇಳಿದಳು.

“ತಿಳಿದಿತ್ತು. ಆತನೇ ಬರೆದಿದ್ದನು” ಎಂದೆನು.

ಆ ಶನಿವಾರ ಅವಳು ಅಣ್ಣನಿಗೆ ಪತ್ರ ಬರೆಯಬೇಕೆಂದು ನನ್ನಿಂದ ಎರಡು ಹಾಳೆ ಕಾಗದ ಕೇಳಿ ತೆಗೆದುಕೊಂಡು ಹೋದಳು.